ಎಚ್‌ಐವಿ ಚಿಕಿತ್ಸಾ ಮಾರ್ಗಸೂಚಿಯನ್ನು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ ಪರಿಶೀಲಿಸುವುದು ಹೇಗೆ?

ಎಚ್‌ಐವಿ ಸೋಂಕಿತರನ್ನು ಕಾಡುವ ಕ್ಷಯ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದಿಂದ ಬರುವ ಮೆದುಳು ಜ್ವರ, ನ್ಯುಮೋನಿಯಾ, ಅನ್ನನಾಳದ ಕ್ಯಾಂಡಿಡಾ ಸೋಂಕು, ನಿಲ್ಲದ ಭೇದಿ ಇವುಗಳ ಚಿಕಿತ್ಸೆಗೆ ಮಾರ್ಗಸೂಚಿಗಳ ಕೊರತೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯದು ಇದೆ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 2021ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿ ಇದೆ, ಶ್ರೀಮಂತ ದೇಶಗಳ ವೈದ್ಯಸಂಘಗಳವೂ ಇವೆ. ಕಲ್ಯಾಣ ಕರ್ನಾಟಕದ ಸುರಪುರ, ಔರಾದ್, ಚಿಂಚೋಳಿಯಂಥ ಊರುಗಳ ವೈದ್ಯಾಧಿಕಾರಿ, ನರ್ಸ್, ಫಾರ್ಮಾಸಿಸ್ಟ್ ಮತ್ತು ಆಪ್ತಸಮಾಲೋಚಕರು ಒಟ್ಟಿಗೆ ಕುಳಿತು, ಇವುಗಳಲ್ಲಿನ ಯಾವ ಸಲಹೆ ತಮ್ಮ ರೋಗಿಯನ್ನು ನಿಜವಾಗಿ ತಲುಪಬಲ್ಲದು ಎಂದು ತೂಗಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಎಆರ್‌ಟಿ, ಅಂದರೆ ಎಚ್‌ಐವಿಯನ್ನೇ ಹತ್ತಿಕ್ಕುವ ಔಷಧಗಳ ಆಯ್ಕೆ ಮಾತ್ರ ರಾಷ್ಟ್ರೀಯ ಕಾರ್ಯಕ್ರಮದಂತೆಯೇ ನಡೆಯಬೇಕು. ಅದನ್ನು ಆಸ್ಪತ್ರೆಯ ಮಟ್ಟದಲ್ಲಿ ಬದಲಿಸುವಂತಿಲ್ಲ.

ಮೊದಲು ರಚನೆಯನ್ನು ನೋಡಿ. ಮಾರ್ಗಸೂಚಿಗಳ ಗುಣಮಟ್ಟವನ್ನು ಅಳೆಯುವ ‘ಅಗ್ರೀ-2’ ಎಂಬ ಅಳತೆಪಟ್ಟಿ ಆರು ವಿಭಾಗಗಳಲ್ಲಿ 23 ಅಂಶಗಳಿಗೆ ಒಂದರಿಂದ ಏಳರವರೆಗೆ ಅಂಕ ಕೊಡಲು ಹೇಳುತ್ತದೆ, ಮತ್ತು ಕನಿಷ್ಠ ಇಬ್ಬರು ಪ್ರತ್ಯೇಕವಾಗಿ ಅಂಕ ಹಾಕಬೇಕೆಂದು ಬಯಸುತ್ತದೆ. ಹೊರರೋಗಿಗಳ ಸಾಲು ಕಾಯುತ್ತಿರುವಾಗ ಇಷ್ಟಕ್ಕೆಲ್ಲ ಪುರುಸೊತ್ತು ಸಿಗದಿದ್ದರೆ, ಪುರಾವೆಯನ್ನು ಹೇಗೆ ಹುಡುಕಿ ಆರಿಸಿದರು, ಸಮಿತಿಯಲ್ಲಿ ಯಾರಿದ್ದರು, ಹಣ ಯಾರದು, ಅನ್ವಯಿಸುವ ಅಡೆತಡೆಗಳ ಬಗ್ಗೆ ಏನು ಬರೆದಿದ್ದಾರೆ ಎಂಬಷ್ಟನ್ನಾದರೂ ನೋಡಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗಕ್ಕೆ ಇವುಗಳಲ್ಲಿ ಕೊನೆಯದೇ ಮುಖ್ಯ.

ಬಳಿಕ ಪ್ರತಿ ಸಲಹೆಯ ಪಕ್ಕದಲ್ಲಿರುವ ‘ಗ್ರೇಡ್’ ಗುರುತನ್ನು ಓದಿ. ಅದು ಎರಡು ಸಂಗತಿ ಹೇಳುತ್ತದೆ. ಸಲಹೆ ಎಷ್ಟು ಬಲವಾದದ್ದು ಎಂಬುದು ಒಂದು, ಅದರ ಹಿಂದಿನ ಪುರಾವೆ ಎಷ್ಟು ಖಚಿತ ಎಂಬುದು ಇನ್ನೊಂದು. ಪುರಾವೆ ತೆಳುವಾಗಿದ್ದರೂ ಜೀವ ಉಳಿಯುವ ಸಾಧ್ಯತೆ ದೊಡ್ಡದಾಗಿದ್ದರೆ ಬಲವಾದ ಸಲಹೆ ಬರಬಹುದು. ಅಂಥ ಕಡೆ ಸಮಿತಿ ಕೊಟ್ಟ ಕಾರಣವನ್ನು ಹುಡುಕಿ ಓದಬೇಕು.

ಪುರಾವೆ ಹುಟ್ಟಿದ ನೆಲವನ್ನೂ ಗಮನಿಸಿ. 2017ರಲ್ಲಿ ಪ್ರಕಟವಾದ ‘ರಿಯಾಲಿಟಿ’ ಅಧ್ಯಯನ ಕೀನ್ಯಾ, ಉಗಾಂಡಾ, ಮಲಾವಿ, ಜಿಂಬಾಬ್ವೆಗಳಲ್ಲಿ ನಡೆಯಿತು. ಸಿಡಿ4 ಎಣಿಕೆ (ರಕ್ತದಲ್ಲಿನ ರೋಗನಿರೋಧಕ ಕಣಗಳ ಲೆಕ್ಕ) 100ಕ್ಕಿಂತ ಕಡಿಮೆಯಿದ್ದವರಿಗೆ ಎಆರ್‌ಟಿಯೊಂದಿಗೆ ಹೆಚ್ಚುವರಿ ಮುಂಜಾಗ್ರತಾ ಔಷಧಗಳನ್ನು ಕೊಟ್ಟಾಗ, 24 ವಾರಗಳಲ್ಲಿನ ಸಾವು ಶೇ 12.2ರಿಂದ ಶೇ 8.9ಕ್ಕೆ ಇಳಿಯಿತು. ಇಲ್ಲಿಯೂ ತಡವಾಗಿ, ಸೊರಗಿ ಬರುವವರು ಇದ್ದಾರೆ, ಆದ್ದರಿಂದ ಅದರ ಪಾಠ ನಮಗೂ ಹೊಂದುತ್ತದೆ. ಆದರೆ ಸಿಡಿ4 ಎಷ್ಟೇ ಇರಲಿ ಎಲ್ಲರಿಗೂ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಮಲೇರಿಯಾ ಅಥವಾ ತೀವ್ರ ಬ್ಯಾಕ್ಟೀರಿಯಾ ಸೋಂಕುಗಳು ವ್ಯಾಪಕವಾಗಿರುವ ಪ್ರದೇಶಗಳಿಗೆ ಸೇರಿದ್ದು. ಉಳಿದೆಡೆ ಸಿಡಿ4 ಎಣಿಕೆ 350 ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂಬ ಮಿತಿ ಇದೆ. ಹಾಗೆಯೇ ಮಣಿಪುರದಲ್ಲಿ ಕಾಣಿಸುವ ಟಲರೊಮೈಕೋಸಿಸ್ ಎಂಬ ಶಿಲೀಂಧ್ರ ಸೋಂಕು ಬೀದರ್‌ನ ವೈದ್ಯರ ದಿನನಿತ್ಯದ ಚಿಂತೆಯಾಗಬೇಕಿಲ್ಲ.

ಇನ್ನು ಸಾಧ್ಯಾಸಾಧ್ಯತೆ. ಇದಕ್ಕೆ ಕ್ರಿಪ್ಟೊಕಾಕಸ್ ಮೆದುಳು ಜ್ವರವೇ ಅತ್ಯುತ್ತಮ ಪರೀಕ್ಷೆ. 2022ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ, ಶಿಲೀಂಧ್ರನಾಶಕ ಔಷಧವಾದ ಆಂಫೊಟೆರಿಸಿನ್‌ನ ಲೈಪೊಸೋಮಲ್ (ಕೊಬ್ಬಿನ ಕಣಗಳಲ್ಲಿ ಹುದುಗಿಸಿದ) ರೂಪವನ್ನು ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಬಾರಿ ಕೊಟ್ಟು, ಜೊತೆಗೆ ಇನ್ನೆರಡು ಶಿಲೀಂಧ್ರನಾಶಕಗಳಾದ ಫ್ಲುಸೈಟೊಸಿನ್ ಮತ್ತು ದಿನಕ್ಕೆ 1,200 ಮಿಲಿಗ್ರಾಂ ಫ್ಲುಕೊನಜೋಲ್ ಅನ್ನು 14 ದಿನ ಕೊಡಲು ಹೇಳುತ್ತದೆ. ಓದಿದ ಕೂಡಲೇ ಉಗ್ರಾಣಕ್ಕೆ ಹೋಗಿ. ಫ್ಲುಸೈಟೊಸಿನ್ ಇದೆಯೇ? ಲೈಪೊಸೋಮಲ್ ಸಿಗದೆ ಹಳೆಯ ಬಗೆಯ ಆಂಫೊಟೆರಿಸಿನ್ ಬಳಸುವುದಾದರೆ ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ, ಕರೆಂಟು ಹೋದರೆ ಫ್ರಿಜ್‌ಗೆ ಬ್ಯಾಕಪ್ ಇದೆಯೇ? ಔಷಧಕ್ಕೆ ಮುಂಚೆ ಸಲೈನ್ ಹರಿಸಿ, ರಕ್ತದ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅನ್ನು ಮತ್ತೆಮತ್ತೆ ನೋಡಬೇಕಾದಾಗ ಭಾನುವಾರ ಪ್ರಯೋಗಾಲಯ ತೆರೆದಿರುತ್ತದೆಯೇ? ಒಳ್ಳೆಯ ಮಾರ್ಗಸೂಚಿ ಮೊದಲ ಆಯ್ಕೆ ಸಿಗದಿದ್ದರೆ ಎರಡನೆಯದು ಯಾವುದು, ಮೂರನೆಯದು ಯಾವುದು ಎಂದು ಕ್ರಮವಾಗಿ ಹೇಳುತ್ತದೆ. 2022ರ ಮಾರ್ಗಸೂಚಿ ಹಾಗೆ ಹೇಳಿದೆ. ಹೇಳದ ಮಾರ್ಗಸೂಚಿಗೆ ಈ ಅಂಶದಲ್ಲಿ ಕಡಿಮೆ ಅಂಕ ಕೊಡಿ. ಆದರೆ ಸೌಲಭ್ಯ ಇಲ್ಲವೆಂದು ಮೊದಲ ಆಯ್ಕೆಯನ್ನೇ ನಿಮ್ಮ ಪರಿಶೀಲನೆಯ ಹಾಳೆಯಿಂದ ಅಳಿಸಬೇಡಿ. ‘ಇಲ್ಲಿ ಲಭ್ಯವಿಲ್ಲ’ ಎಂದು ಬರೆದಿಟ್ಟರೆ ಬೇಡಿಕೆಪಟ್ಟಿಗೆ ಅದೇ ಆಧಾರವಾಗುತ್ತದೆ. ಬಡವರ ಜಿಲ್ಲೆಗೆ ಇಷ್ಟು ಸಾಕು ಎಂದು ನಾವೇ ತೀರ್ಮಾನಿಸುವುದು ರೋಗಿಗೆ ಮಾಡುವ ಅನ್ಯಾಯ.

ಕ್ಷಯವನ್ನು ಪತ್ತೆಹಚ್ಚುವ ಟಿಬಿ-ಲ್ಯಾಮ್ ಮೂತ್ರಪರೀಕ್ಷೆಯನ್ನು ಇದೇ ರೀತಿ ತೂಗಿದರೆ ಬೇರೆ ಫಲ ಬರುತ್ತದೆ. ಪರೀಕ್ಷಾಪಟ್ಟಿಯ ಮೇಲೆ 60 ಮೈಕ್ರೋಲೀಟರ್ ಮೂತ್ರ ಹಾಕಿ 25 ನಿಮಿಷ ಕಾದರೆ ಫಲಿತಾಂಶ ಕೈಗೆ ಬರುತ್ತದೆ, ಹುಣಸಗಿಯಿಂದ ಬಂದವರು ರಾತ್ರಿ ಉಳಿಯಬೇಕಿಲ್ಲ. ಪಟ್ಟಿಗಳನ್ನು 30 ಡಿಗ್ರಿಯೊಳಗೆ ಇಡಬೇಕೆಂಬ ಷರತ್ತನ್ನು ಮಾತ್ರ ಬೇಸಿಗೆಯಲ್ಲಿ ಮರೆಯುವಂತಿಲ್ಲ.

ಸ್ಪಷ್ಟತೆಯನ್ನು ಪರೀಕ್ಷಿಸಲು ಕ್ಷಯದ ಅಧ್ಯಾಯವನ್ನು ತೆರೆಯಿರಿ. ಕ್ಷಯದ ಚಿಕಿತ್ಸೆ ಆರಂಭಿಸಿದ ಎರಡು ವಾರದೊಳಗೆ ಎಆರ್‌ಟಿ ಎಂಬ ನಿಯಮದ ಪಕ್ಕದಲ್ಲೇ, ಮೆದುಳುಪೊರೆಯ ಕ್ಷಯದಲ್ಲಿ ತಡ ಮಾಡಬೇಕೆಂಬ ಅಪವಾದವೂ, ಕ್ಷಯದ ಔಷಧ ರಿಫಾಂಪಿಸಿನ್ ಜೊತೆ ಎಆರ್‌ಟಿ ಔಷಧ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ದಿನಕ್ಕೆ ಎರಡು ಬಾರಿ ಕೊಡಬೇಕೆಂಬುದೂ ಇರಬೇಕು. ರಾತ್ರಿಪಾಳಿಯ ವೈದ್ಯರು ಅಪವಾದವನ್ನು ಹುಡುಕಲು ಮತ್ತೊಂದು ಅಧ್ಯಾಯಕ್ಕೆ ಹೋಗಲಾರರು.

ಆಪ್ತಸಮಾಲೋಚಕರ ಮಾತಿಗೆ ಇಲ್ಲಿ ಹೆಚ್ಚು ಬೆಲೆ ಕೊಡಿ. ಸುಗ್ಗಿ ಮುಗಿದ ಮೇಲೆ ಯಾದಗಿರಿಯ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತವೆ. ವಾರವಾರ ಆಸ್ಪತ್ರೆಗೆ ಬನ್ನಿ ಎಂಬ ಸಲಹೆ ಅವರ ಪಾಲಿಗೆ ಚಿಕಿತ್ಸೆಯೇ ಇಲ್ಲದಂತೆ. ಎಷ್ಟು ತಿಂಗಳ ಔಷಧ ಒಮ್ಮೆಗೆ ಕೊಡಬಹುದು, ಬೇರೆ ಊರಿನ ಎಆರ್‌ಟಿ ಕೇಂದ್ರದಲ್ಲಿ ಹೇಗೆ ಪಡೆಯಬಹುದು ಎಂಬುದನ್ನು ಮಾರ್ಗಸೂಚಿ ಹೇಳುತ್ತದೆಯೇ ಎಂದು ಕೇಳಿ.

ಕಂಡುಕೊಂಡದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಸಲಹೆ, ಇಲ್ಲಿ ಆಗುತ್ತದೆಯೇ, ಆಗದಿದ್ದರೆ ಯಾವ ಹಂತದಲ್ಲಿ ಜಿಲ್ಲಾಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಬೇಕು. ಹಾಳೆಯ ಮೇಲೆ ಮಾರ್ಗಸೂಚಿಯ ವರ್ಷ ಕಡ್ಡಾಯ. ಕ್ರಿಪ್ಟೊಕಾಕಸ್‌ಗೆ 2018ರಲ್ಲಿ ಮೊದಲ ಆಯ್ಕೆಯಾಗಿದ್ದುದು ವಾರವಿಡೀ ದಿನಕ್ಕೊಂದು ಆಂಫೊಟೆರಿಸಿನ್ ಡ್ರಿಪ್. ನಾಲ್ಕೇ ವರ್ಷದಲ್ಲಿ ಆ ಜಾಗಕ್ಕೆ ಒಂದೇ ಡ್ರಿಪ್ ಬಂದಿತು.