72 ಮೂಳೆಯ ಕುತ್ತಿಗೆ ಪೋಣಿಸಿದ್ದು

ಎಲಾಸ್ಮೊಸಾರಸ್ ಅನ್ನೋ ಉದ್ದ ಕುತ್ತಿಗೆಯ ಹಳೆಯ ಕಾಲದ ಕಡಲ ಸರೀಸೃಪದ ಮಾದರಿ ಮಾಡುವವರಿಗೆ ನನ್ನದೊಂದೇ ಮಾತು: ಕುತ್ತಿಗೆಗೆ ಸುಮ್ನೆ ಒಂದು ಪೈಪ್ ಹಾಕಿ ಮುಗಿಸಬೇಡಿ. ಒಂದೊಂದು ಮೂಳೆಯನ್ನೂ ಬೇರೆಬೇರೆ ಮಾಡಿ ಪೋಣಿಸಿ. ಕೆಲಸ ಜಾಸ್ತಿ. ಆದರೆ ಆ ಪ್ರಾಣಿಯ ಮೈ ಹೇಗಿತ್ತು ಅನ್ನೋದು ಕೈಗೇ ಗೊತ್ತಾಗುತ್ತದೆ.

ನಾನು ಚಿಕ್ಕಮಗಳೂರಿನ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಸ್ತುಪ್ರದರ್ಶನಕ್ಕೆ ಈ ಪ್ರಾಣಿಯನ್ನು ಆರಿಸಿಕೊಂಡೆವು. ಇದು ಡೈನೋಸಾರ್ ಅಲ್ಲ. ಅವುಗಳ ಕಾಲದಲ್ಲೇ ಕಡಲಲ್ಲಿದ್ದ ಬೇರೆ ಸರೀಸೃಪ. ಸುಮಾರು 8 ಕೋಟಿ ವರ್ಷಗಳ ಹಿಂದೆ ಅಮೆರಿಕದ ನಡುಭಾಗವನ್ನು ಕಡಲು ಮುಚ್ಚಿತ್ತು. ಇದು ಈಜುತ್ತಿದ್ದದ್ದು ಅಲ್ಲಿ. ಉದ್ದ 10 ಮೀಟರಿಗೂ ಹೆಚ್ಚು, ಅದರಲ್ಲಿ ಕುತ್ತಿಗೆಯೇ ಸುಮಾರು 7 ಮೀಟರ್. ಮನುಷ್ಯನಿಗೂ ಜಿರಾಫೆಗೂ ಕುತ್ತಿಗೆಯಲ್ಲಿ 7 ಮೂಳೆ, ಇದಕ್ಕೆ 72! ನಾವು ಮೂರನೇ ಒಂದು ಅಳತೆಗೆ ಇಳಿಸಿಕೊಂಡೆವು.

ಪಕ್ಕದ ತೋಟದಲ್ಲಿ ಆಗಷ್ಟೇ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದಿತ್ತು. ಸಿಲ್ವರ್ ಓಕ್ ಕೊಂಬೆಗಳು ಬೇಕಾದಷ್ಟು ಸಿಕ್ಕವು. ತಲೆಯ ಕಡೆಗೆ ಸಣ್ಣ ಕೊಂಬೆ, ಭುಜದ ಕಡೆಗೆ ದಪ್ಪದ್ದು. ಗರಗಸದಲ್ಲಿ ಬಿಲ್ಲೆ ಕೊಯ್ದು ನೆರಳಲ್ಲಿ ಒಣಗಿಸಿದೆವು, ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ನಡುವೆ ತೂತು ಕೊರೆದು ನೈಲಾನ್ ಹಗ್ಗ ತೂರಿಸಿದೆವು. ಎರಡು ಬಿಲ್ಲೆಗಳ ನಡುವೆ ಹಳೆ ಸೈಕಲ್ ಟ್ಯೂಬಿನ ತುಂಡು. ಪ್ರತಿ ಬಿಲ್ಲೆಗೂ ನಂಬರ್ ಬರೆಯಲೇಬೇಕು, ಇಲ್ಲದಿದ್ದರೆ ಯಾವ ತುದಿ ಯಾವುದೆಂದು ತಪ್ಪಿಹೋಗುತ್ತದೆ. 1868ರಲ್ಲಿ ಈ ಪ್ರಾಣಿಗೆ ಹೆಸರಿಟ್ಟ ಎಡ್ವರ್ಡ್ ಡ್ರಿಂಕರ್ ಕೋಪ್ ಅವರೇ ತಲೆಯನ್ನು ಬಾಲದ ತುದಿಗೆ ಇಟ್ಟಿದ್ದರು. ಅಷ್ಟುದ್ದದ ಕುತ್ತಿಗೆ ಅವರ ಕಣ್ಣಿಗೆ ಬಾಲವಾಗಿ ಕಂಡಿತ್ತು. ಜೋಸೆಫ್ ಲೀಡಿ ಎಂಬ ಇನ್ನೊಬ್ಬ ವಿಜ್ಞಾನಿ ಆ ತಪ್ಪನ್ನು ಎತ್ತಿ ತೋರಿಸಿದರು.

ಬಿಲ್ಲೆ ಕೊಯ್ಯುವಾಗ ಒಬ್ಬ ಹುಡುಗ ಕೇಳಿದ, "ನಮ್ಮೂರಲ್ಲಿ ಅಗೆದ್ರೆ ಇಂಥದ್ದು ಸಿಗುತ್ತಾ ಮೇಡಂ?" ಸಿಗಲ್ಲ. ಬಾಬಾಬುಡನ್‌ಗಿರಿಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಅವು ಆದಾಗ ಮೂಳೆ ಇರುವ ಪ್ರಾಣಿಯೇ ಭೂಮಿಯ ಮೇಲೆ ಇರಲಿಲ್ಲ. ಈ ಪ್ರಶ್ನೆಗಾಗಿಯೇ ಒಂದು ಪೀರಿಯಡ್ ಪೂರ್ತಿ ಕೊಟ್ಟೆ, ಕೊಡಬೇಕಾದದ್ದೇ.

ಹಗ್ಗ ಬಿಗಿದ ಮೇಲೆ ಮಕ್ಕಳಿಗೆ ಹಾವು ಹೆಡೆಯೆತ್ತಿದ ಹಾಗೆ ಕುತ್ತಿಗೆ ನಿಲ್ಲಿಸುವ ಆಸೆ. ಹಳೆಯ ಚಿತ್ರಗಳಲ್ಲೆಲ್ಲ ಹಾಗೇ ಇರುತ್ತಲ್ವಾ? ಬಗ್ಗಿಸಿದರೆ ಬಿಲ್ಲೆಗಳ ಅಂಚು ಒಂದಕ್ಕೊಂದು ತಾಗಿ ನಿಂತುಬಿಟ್ಟವು. ನಿಜವಾದ ಮೂಳೆಗಳ ತುದಿಯೂ ಹೆಚ್ಚುಕಡಿಮೆ ಚಪ್ಪಟೆಯೇ. ಪ್ರತಿ ಕೀಲಿನಲ್ಲೂ ಸ್ವಲ್ಪ ಸ್ವಲ್ಪವೇ ಬಾಗು. ಮೂಳೆಗಳ ಬೆನ್ನಿನ ಮೇಲೆ ಏಳುವ ಮುಳ್ಳುಗಳನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿ ಅಂಟಿಸಿದ ಮೇಲಂತೂ ಮೇಲಕ್ಕೆ ಬಗ್ಗುವುದು ಇನ್ನೂ ಕಡಿಮೆಯಾಯಿತು. ಕುತ್ತಿಗೆ ಎಷ್ಟು ಬಾಗುತ್ತಿತ್ತು ಅನ್ನುವುದರಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ನೀರಿನಿಂದ ಅಷ್ಟೆತ್ತರಕ್ಕೆ ಎತ್ತುತ್ತಿತ್ತು ಅನ್ನುವುದನ್ನು ಈಗ ಯಾರೂ ಒಪ್ಪುವುದಿಲ್ಲ. ಭಾರವೂ ಬಿಡುವುದಿಲ್ಲ: ನೀರಿನಾಚೆ ಅಷ್ಟು ಕುತ್ತಿಗೆ ಎತ್ತಿದರೆ ಮೈಯ ಮುಂಭಾಗವೇ ಮುಳುಗುತ್ತದೆ.

ಹಾಗಾಗಿ ಕುತ್ತಿಗೆಯನ್ನು ನೇರವಾಗಿ ಚಾಚಿ, ತಲೆಯನ್ನು ಕೊಂಚ ಕೆಳಗಿಳಿಸಿ, ಜಗುಲಿಯ ತೊಲೆಗೆ ತೂಗುಹಾಕಿದೆವು. ತಲೆ ಪುಟ್ಟದು, ಹಲ್ಲು ಮಾತ್ರ ಉದ್ದ, ಚೂಪು. ಅದಕ್ಕೆ ಬಿದಿರಿನ ಕಡ್ಡಿ ಸಾಕು. ನಾಲ್ಕು ಈಜುಗಾಲಿಗೆ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಬಗ್ಗಿಸಿಕೊಳ್ಳಿ. ತೂಗುಹಾಕುವ ತಂತಿಯನ್ನು ಹತ್ತು ಬಿಲ್ಲೆಗೊಂದರಂತೆ ಕಟ್ಟಿ, ಭುಜದ ಹತ್ತಿರ ಎರಡು ಸುತ್ತು ಜಾಸ್ತಿ.