ಒಂದೇ ನೇಗಿಲು, ಎರಡು ಬೆಣೆ: ಬೈಲುಗದ್ದೆಯ ಅನುಭವ

ಒಣಗದ್ದೆಯಲ್ಲಿ ಮೇಲುಮೇಲೆ ಕೆರೆಯುವ ನೇಗಿಲು, ಏಣೆಲಿನ (ಮಳೆಗಾಲದ ಭತ್ತದ ಬೆಳೆಯ) ಕೆಸರಿಗಿಳಿದ ಕೂಡಲೇ ಮೂತಿ ಹೂತು ಒಳಗೇ ಹೋಗುತ್ತದೆ. ಉಡುಪಿ ಕಡೆ ಬೈಲುಗದ್ದೆ (ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ) ಉತ್ತವರಿಗೆ ಇದು ಹೊಸತಲ್ಲ. ದೂರು ಮಾತ್ರ ಯಾವಾಗಲೂ ಎತ್ತಿನ ಮೇಲೆ, ಇಲ್ಲವೇ ಮೇಳಿ (ನೇಗಿಲ ಹಿಡಿ) ಹಿಡಿದವನ ಮೇಲೆ. "ಆಳ ಇರುವುದು ಕೈಯಲ್ಲಿ ಮಾರಾಯ್ರೆ, ಬೆಣೆಯಲ್ಲಿ ಅಲ್ಲ" ಎಂದು ನನಗೆ ಹೇಳಿದವರೇ ಈಗ ನೇಗಿಲು ಹೊತ್ತು ನಮ್ಮ ಅಂಗಳಕ್ಕೆ ಬರುತ್ತಿದ್ದಾರೆ. ಹಾಗಾಗಿ, ಬೆಣೆ ಎಂಬ ಈ ಮರದ ಚೂರನ್ನು ಒಣಗದ್ದೆಗೂ ಕೆಸರಿಗೂ ಹೊಂದಿಸುವುದು ಹೇಗೆಂದು ಬರೆದಿಡುತ್ತೇನೆ.

ಎಲ್ಲ ಇರುವುದು ನೊಗದ ಎತ್ತರದಲ್ಲಿ. ಒಣಗದ್ದೆಯಲ್ಲಿ ಎತ್ತಿನ ಕಾಲು ನೆಲದ ಮೇಲಿರುತ್ತದೆ, ನೇಗಿಲ ತಳ 4 ಇಂಚು ಕೆಳಗೆ ಓಡುತ್ತದೆ. ಕೆಸರಲ್ಲಿ ಕಾಲು ಗಟ್ಟಿ ಪದರ ಸಿಗುವವರೆಗೆ, ಅಂದಾಜು 6 ಇಂಚು ಇಳಿಯುತ್ತದೆ. ನೇಗಿಲ ತಳ ಮಾತ್ರ ಆಗಲೂ 4 ಇಂಚಿನಲ್ಲೇ ಇರಬೇಕು. ಅಂದರೆ ನೇಗಿಲಿನ ಲೆಕ್ಕಕ್ಕೆ ನೊಗ ಅರ್ಧ ಅಡಿ ತಗ್ಗಿತು. ನೇಗಿಲಿನಿಂದ ನೊಗಕ್ಕೆ ಹೋಗುವ 8 ಅಡಿ ಈಸಿನ ತುದಿ ಅರ್ಧ ಅಡಿ ಇಳಿದರೆ, ನೆಲಕ್ಕೆ ತಾಗುವ 2 ಅಡಿ ಉದ್ದದ ಅಡಿಮರದ ಹಿಂತುದಿ ಒಂದೂವರೆ ಇಂಚು ಏಳುತ್ತದೆ, ಕುಳದ (ಕಬ್ಬಿಣದ ಮೊನೆಯ) ಮೂತಿ ಕೆಳಮುಖವಾಗುತ್ತದೆ. ಮುಳುಗದೆ ಇನ್ನೇನಾದೀತು?

ನಾನು ಹೊಂದಿಸುವುದು ಗದ್ದೆಯಲ್ಲಲ್ಲ, ಸಿಮೆಂಟಿನ ಅಂಗಳದಲ್ಲಿ. ಮೊದಲು ಜೋಡಿಯನ್ನು ನೊಗಕ್ಕೆ ಕಟ್ಟಿ ನಿಲ್ಲಿಸಿ, ಈಸು ಕಟ್ಟುವ ಜಾಗ ನೆಲದಿಂದ ಎಷ್ಟು ಎತ್ತರ ಎಂದು ಅಳೆಯಬೇಕು. ಆಮೇಲೆ ಎತ್ತು ಬಿಟ್ಟು, ಈಸಿನ ತುದಿಗೆ ಮುರಕಲ್ಲು (ಕೆಂಪು ಕಲ್ಲು) ಪೇರಿಸಿ ಊರೆ ಕೊಡಬೇಕು. ಒಣ ಉಳುಮೆಗಾದರೆ ಅಳತೆಗಿಂತ 4 ಇಂಚು ಮೇಲೆ, ಕೆಸರಿಗಾದರೆ 2 ಇಂಚು ಕೆಳಗೆ. ಆ ಎತ್ತರದಲ್ಲಿ ಕುಳದ ತುದಿ ಮಾತ್ರ ನೆಲ ಮುಟ್ಟಬೇಕು. ಹಿಂತುದಿ ಒಣಗದ್ದೆಗೆ ಒಂದು ಬೆರಳು, ಕೆಸರಿಗೆ ಅರ್ಧ ಬೆರಳು ಎದ್ದಿರಬೇಕು. ಹೆಚ್ಚು ಎದ್ದಿದ್ದರೆ ನೇಗಿಲು ಮುಳುಗುತ್ತದೆ, ಇಡೀ ದಿನ ಮೇಳಿ ಎತ್ತಿ ಹಿಡಿದು ತೋಳು ಸೋಲುತ್ತದೆ. ಪೂರ್ತಿ ಕೂತಿದ್ದರೆ ಮೇಳಿ ಒತ್ತುತ್ತಲೇ ಇರಬೇಕು, ಆ ಒತ್ತಡವನ್ನೂ ಎಳೆಯಬೇಕಾದ್ದು ಎತ್ತೇ.

ಸರಿಪಡಿಸುವುದು ಬೆಣೆಯಿಂದ. ಈಸು ತೂರುವ ಕಿಂಡಿಯಲ್ಲಿ ಮುಂದಿನ ಬದಿಗೆ, ಈಸಿನ ಕೆಳಗೆ ಬೆಣೆ ಹೊಡೆದರೆ ಆಳ. ಈಸಿನ ಮೇಲೆ ಹೊಡೆದರೆ ತೆಳು. ನಮ್ಮ ಕಿಂಡಿ 4 ಇಂಚು ಉದ್ದದ್ದು, ಅಲ್ಲಿ ಕಾಲು ಇಂಚು ದಪ್ಪದ ಬೆಣೆ ಸಾಕು, ಮೇಲೆ ಹೇಳಿದ ಅರ್ಧ ಅಡಿ ವ್ಯತ್ಯಾಸ ಪೂರ್ತಿ ಹೋಗುತ್ತದೆ. ಇದೇ ಕೆಲಸವನ್ನು ಈಸನ್ನು ನೊಗಕ್ಕೆ ಕಟ್ಟುವ ಕಚ್ಚು ಬದಲಿಸಿ ಮಾಡಲು ಹೋದರೆ ಒಂದಡಿಗೂ ಹೆಚ್ಚು ಹಿಂದೆ ಕಟ್ಟಬೇಕು, ಆಗ ಕುಳ ಎತ್ತಿನ ಹಿಂಗಾಲಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಕಚ್ಚು ಇರುವುದು ಸಣ್ಣ ಹೊಂದಾಣಿಕೆಗೆ. ಮೂರು ಇಂಚಿನ ಒಂದು ಕಚ್ಚು ಹಿಂದೆ ಹೋದರೆ ಹಿಂತುದಿ ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, ಅಷ್ಟೇ.

ಬೆಣೆಯೇ ಹೆಚ್ಚು ಕೈಕೊಡುವುದು. ಹಸಿಮರದ್ದು ಬೇಸಗೆಯಲ್ಲಿ ಸೊರಗಿ ಉದುರುತ್ತದೆ. ಒಣಮರದ್ದನ್ನು ಬಿಗಿಯಾಗಿ ಜಡಿದು ಕೆಸರಿಗಿಳಿಸಿದರೆ ಉಬ್ಬಿ ಕಿಂಡಿಯ ತುಟಿಯನ್ನೇ ಸೀಳುತ್ತದೆ. ಹಲಸಿನ ದಿಂಡಿನಲ್ಲಿ (ನೇಗಿಲ ಬಾಗಿದ ಮೈಯಲ್ಲಿ) ಇದು ಜಾಸ್ತಿ, ಕಿರಾಲುಬೋಗಿ ಮರ ತಡೆಯುತ್ತದೆ, ಆದರೆ ಈಗ ಬಾಗಿದ ಕಿರಾಲುಬೋಗಿ ಎಲ್ಲಿ ಸಿಗುತ್ತದೆ? ಬಯಲುಸೀಮೆಯವರ ಕರಿಜಾಲಿ ನಮ್ಮಲ್ಲಿ ಇಲ್ಲ. ಬೆಣೆಯನ್ನು ಜಡಿಯುವ ಮುಂಚೆ ನಾನು ಯಾವುದರಲ್ಲಿ ನೆನೆಹಾಕುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ಬೆಣೆ ಮುಟ್ಟುವ ಮೊದಲು ಕುಳ ನೋಡಿ. ಮಜಲಿನ (ಬೈಲಿಗಿಂತ ಎತ್ತರದ ಗದ್ದೆಯ) ಮುರಕಲ್ಲು ಹರಳು ತುದಿಯನ್ನು ಬೇಗ ತಿನ್ನುತ್ತದೆ, ಅರ್ಧ ಇಂಚು ಸವೆದರೂ ನೇಗಿಲು ತೇಲುತ್ತದೆ. ಗುಜರಿಯ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಬಡಿಸಿದ ಕುಳ ಒಳ್ಳೆಯದು, ಪಟ್ಟಿಗೂ ಕಮ್ಮಾರನಿಗೂ ಸೇರಿ ಐನೂರರ ಆಸುಪಾಸು. ಹದ ಹೆಚ್ಚಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ, ಕಡಿಮೆಯಾದರೆ ಮಡಚುತ್ತದೆ. ಹೊಸ ದಿಂಡು, ಈಸು, ಆಚಾರಿಯ ಕೂಲಿ ಸೇರಿದರೆ ಐದು ಸಾವಿರ ದಾಟುತ್ತದೆ. ಬೆಣೆಗೆ ಖರ್ಚೇ ಇಲ್ಲ.

ನಂಬದವರಿಗಾಗಿ ಕೊಬ್ಬರಿ ತೂಗುವ ಕೊಕ್ಕೆ ತಕ್ಕಡಿ ಕಟ್ಟಿ ತೋರಿಸಿದೆ. ಈಸಿನ ಗೂಟ ತೆಗೆದು, ತುದಿಯನ್ನು ಹಗ್ಗದಲ್ಲಿ ನೊಗಕ್ಕೆ ತೂಗುಹಾಕಿ, ಎಳೆತವೆಲ್ಲ ತಕ್ಕಡಿಯ ಮೂಲಕವೇ ಹೋಗುವಂತೆ ಮಾಡಬೇಕು. ಮುಳ್ಳು ಕುಣಿಯುತ್ತದೆ, ನಡುವಿನದ್ದನ್ನು ಹಿಡಿಯಬೇಕು. ಒಣಗದ್ದೆಯ ಬೆಣೆಯಲ್ಲೇ ಕೆಸರು ಉತ್ತಾಗ 60 ಕಿಲೋ ಹತ್ತಿರ, ಬೆಣೆ ಬದಲಿಸಿದ ಮೇಲೆ 45ರ ಸುತ್ತ. ನಮ್ಮ ಸಣ್ಣ ಊರ ಎತ್ತುಗಳಿಗೆ ಇದು ದೊಡ್ಡ ಮಾತು.

ಕಬ್ಬಿಣದ ರೆಂಟೆಯನ್ನೂ (ಮಣ್ಣು ಮಗುಚುವ ರೆಕ್ಕೆಯ ನೇಗಿಲು) ಹೂಡಿ ನೋಡಿದ್ದೇನೆ, ಹಳೆಯದು, ಒಂದೂವರೆ ಸಾವಿರಕ್ಕೆ ಸಿಕ್ಕಿತ್ತು. 1903ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ಮಣ್ಣಿಗೆ ವಿಷ ಎಂದು ರೈತರು ಮುಟ್ಟಲಿಲ್ಲವಂತೆ. ನಮ್ಮಲ್ಲಿ ತೊಂದರೆ ವಿಷದ್ದಲ್ಲ, ಅಂಟಿನದು. ತುಕ್ಕು ಹಿಡಿದ ರೆಕ್ಕೆಗೆ ಜೇಡಿ ಮೆತ್ತಿಕೊಂಡರೆ ಮಣ್ಣು ಮಗುಚುವುದೇ ಇಲ್ಲ. 1837ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಕಮ್ಮಾರ ಜಾನ್ ಡಿಯರ್ ಹೊಳಪು ಕೊಟ್ಟ ಗರಗಸದ ಉಕ್ಕು ಬಳಸಿದ್ದೂ ಇದೇ ಅಂಟಿನ ಕಾಟಕ್ಕೆ. ರೆಕ್ಕೆಯನ್ನು ಇಟ್ಟಿಗೆ ಪುಡಿಯಲ್ಲಿ ಕನ್ನಡಿಯ ಹಾಗೆ ಉಜ್ಜಿ, ಕೆಲಸ ಮುಗಿದ ದಿನವೇ ಎಣ್ಣೆ ಸವರಿಟ್ಟರೆ ಮಣ್ಣು ಜಾರುತ್ತದೆ. ಮುಂದಿನ ಕೊಂಡಿಯನ್ನು ಮೇಲಿನ ತೂತಿಗೆ ಹಾಕಿದರೆ ಆಳ, ಸರಪಳಿ ಗಿಡ್ಡ ಮಾಡಿದರೆ ತೆಳು. ಆದರೆ ಬೈಲಿಗೆ ಅದನ್ನು ಇಳಿಸಬೇಡಿ. 8 ಇಂಚು ಹೋಗಿ ಗಟ್ಟಿ ಪದರ ಒಡೆದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ಕಾಲೂ ಹೂತುಹೋಗುತ್ತದೆ. ಮಜಲಿಗೆ, ಮೊದಲ ಮಳೆ ಬಿದ್ದ ಮೇಲೆ, ಅಷ್ಟಕ್ಕೇ ಅದು.

ಎತ್ತು ಬಿಟ್ಟು ಕೋಣ ಹೂಡುವವರು ಅಂಗಳದ ಅಳತೆಯನ್ನು ಮತ್ತೆ ಮೊದಲಿನಿಂದ ಮಾಡಿ. ಕೋಣ ಎತ್ತರ, ಹಳೆಯ ಬೆಣೆಯಲ್ಲಿ ನೇಗಿಲು ತೇಲುತ್ತದೆ. ಜೋಡಿಯಲ್ಲಿ ಒಂದು ಬಲವಾಗಿದ್ದರೆ ಈಸಿನ ಕಟ್ಟನ್ನು ನೊಗದಲ್ಲಿ ಎರಡು ಬೆರಳು ಅದರ ಕಡೆಗೆ ಸರಿಸಿ, ಭಾರ ಅದಕ್ಕೆ ಹೋಗುತ್ತದೆ, ಸಾಲು ನೆಟ್ಟಗೆ ಬರುತ್ತದೆ.