ನೀಲಿ ಗೆರೆ ಬಿದ್ದಾಗ ನಾವು ಮಾಡಿದ್ದು

ಹಾವೇರಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಬ್ಯಾಡಗಿ, ಗುತ್ತಲ, ಹಾನಗಲ್ ಕಡೆಯಿಂದ ಬಸ್ಸಿಗೆ ಬರುತ್ತಾರೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಹೇಳಬೇಕಾದದ್ದು ಅವರ ಹತ್ತಿರ ಬೇಕಾದಷ್ಟಿದೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮಾತ್ರ ಪೆನ್ನು ನಿಂತುಬಿಡುತ್ತದೆ.

ನಮ್ಮ ಲ್ಯಾಬಿನಲ್ಲಿ ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ನಾವು ಟೈಪ್ ಮಾಡುವ ಲಿಬ್ರೆ ಆಫೀಸ್ ಸಾಫ್ಟ್‌ವೇರ್‌ಗೆ ಲ್ಯಾಂಗ್ವೇಜ್ ಟೂಲ್ ಎಕ್ಸ್‌ಟೆನ್ಷನ್ ಸೇರಿಸಿದೆ. ವ್ಯಾಕರಣ ತಪ್ಪಿದ ಕಡೆ ಅದು ಕೆಳಗೆ ನೀಲಿ ಗೆರೆ ಎಳೆದು, ಸರಿಯಾದದ್ದನ್ನು ಸೂಚಿಸುತ್ತದೆ. ಜರ್ಮನಿಯ ಡೇನಿಯಲ್ ನಾಬರ್ 2003ರಲ್ಲಿ ಶುರು ಮಾಡಿದ್ದು ಅದು. ದುಡ್ಡು ಕೊಡಬೇಕಿಲ್ಲ. ಕಂಪ್ಯೂಟರಿನಲ್ಲಿ ಜಾವಾ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಇದ್ದರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಬರೆದದ್ದು ಆ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮನೆಯ ಕಷ್ಟ ಬರೆಯುವ ಮಕ್ಕಳಿರುತ್ತಾರೆ, ಇದು ನನಗೆ ಮುಖ್ಯ ಅನಿಸಿತು.

ಮೊದಲ ತಿಂಗಳು ತಪ್ಪು ಮಾಡಿದೆ. ಗೆರೆ ಬಿದ್ದ ಕಡೆ ಕ್ಲಿಕ್ ಮಾಡಿ ತಿದ್ದಿಕೊಳ್ಳಿ ಅಂದೆ. ಪ್ರಿಂಟ್ ತೆಗೆದ ಹಾಳೆಗಳು ಚೊಕ್ಕವಾಗಿದ್ದವು. ಆಮೇಲೆ ಕೈಯಲ್ಲಿ ಬರೆಯುವ ಟೆಸ್ಟ್ ಇಟ್ಟರೆ ಅದೇ ‘ಹೀ ಗೋ’, ಅದೇ ‘ಎ ಆ್ಯಪಲ್’. ತಿದ್ದಿದ್ದು ಸಾಫ್ಟ್‌ವೇರ್. ಮಕ್ಕಳು ಸುಮ್ನೆ ಒತ್ತಿದ್ದರು, ಅಷ್ಟೆ.

ಈಗ ಮೊದಲು ಪೆನ್ನಿನಲ್ಲಿ ಬರೆಸುತ್ತೇನೆ. ಟೈಪ್ ಮಾಡುವಾಗ ಗೆರೆ ಆಫ್. ಪೂರ್ತಿ ಮುಗಿದ ಮೇಲೆ ಆನ್. ಗೆರೆ ಬಿದ್ದ ವಾಕ್ಯವನ್ನು ನೋಟ್‌ಬುಕ್‌ಗೆ ಇಳಿಸಿಕೊಂಡು, ಯಾಕೆ ಬಿತ್ತು ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೆಯಬೇಕು. ಒಬ್ಬ ಹುಡುಗ ಬರೆದಿದ್ದ: ‘ಅವನು ಹೋಗ್ತಾನ, ಅವರು ಹೋಗ್ತಾರ ಅಂತ ನಾವೂ ಬದಲಿಸ್ತೀವಿ. ಇಂಗ್ಲಿಷ್‌ನ್ಯಾಗ ಆ ಕೆಲಸ ಎಸ್ ಮಾಡ್ತೈತಿ.’ ನಾನು ಬೋರ್ಡಿನ ಮೇಲೆ ಎಷ್ಟು ಸಲ ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮೂರು ವಾರದ ನಂತರ ಅವನ ಬರಹದಲ್ಲಿ ‘ಹೀ ಗೋ’ ಕಾಣಲಿಲ್ಲ.

ಒಮ್ಮೆ ‘ಬ್ಯಾಡಗಿ’ ಕೆಳಗೆ ಸ್ಪೆಲಿಂಗ್ ತಪ್ಪಿನ ಕೆಂಪು ಗೆರೆ ಬಿತ್ತು. “ಮೇಡಂ, ನಮ್ಮೂರ ಹೆಸರ ತಪ್ಪೇನ್ರಿ?” ಅಂತ ಹುಡುಗಿ ಕೇಳಿದಳು. ಅವತ್ತೇ ಕೂತು ಎಲ್ಲರ ಊರಿನ ಹೆಸರನ್ನೂ ಡಿಕ್ಷನರಿಗೆ ಸೇರಿಸಿದೆವು.

‘ಎ’ ಮತ್ತು ‘ಆ್ಯನ್’ ಅದಲುಬದಲಾದರೆ ಸಾಫ್ಟ್‌ವೇರ್ ಹಿಡಿಯುತ್ತದೆ. ‘ದ’ (the) ಬಿಟ್ಟುಹೋದರೆ ಎಷ್ಟೋ ಸಲ ಸುಮ್ಮನಿರುತ್ತದೆ. ನಮ್ಮ ಮಕ್ಕಳು ಬಿಡುವುದು ಅದನ್ನೇ ಜಾಸ್ತಿ, ಕನ್ನಡದಲ್ಲಿ ಅಂಥ ಪದ ಇಲ್ಲವಲ್ಲ. ಅದಕ್ಕೆ ನಾನು ಕೇಳುವುದು: ಒಂದು ಚೀಲ ಮಾರಿದರಾ, ಆ ಚೀಲ ಮಾರಿದರಾ? ಯಾವ ಚೀಲ ಅಂತ ಓದುವವರಿಗೆ ಮೊದಲೇ ಗೊತ್ತಿದ್ದರೆ ‘ದ’ ಹಾಕಿ ಅನ್ನುತ್ತೇನೆ. ಎಲ್ಲ ಕಡೆ ಹೊಂದುವುದಿಲ್ಲ, ಆದರೂ ಶುರುಮಾಡಲು ಸಾಕು.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಒಂದು ರಜಾ ಅರ್ಜಿ. ‘ಮೈ ಮದರ್ ಈಸ್ ಹ್ಯಾವಿಂಗ್ ಶುಗರ್’ ಅಂತ ಇತ್ತು. “ಗೆರಿ ಬಂದಿಲ್ರಿ ಮೇಡಂ, ಕರೆಕ್ಟ್ ಐತಲ್ರಿ?” ಅಂದಳು ಬರೆದವಳು. ನಮಗೆ ಅರ್ಥವಾಗುತ್ತದೆ, ಅವ್ವನಿಗೆ ಸಕ್ಕರೆ ಕಾಯಿಲೆ. ಹೊರಗಿನವರು ಓದಿದರೆ ಅವ್ವ ಸಕ್ಕರೆ ತಿನ್ನುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಈ ಸಾಫ್ಟ್‌ವೇರ್ ನಾಮಪದ ಯಾವುದು, ಕ್ರಿಯಾಪದ ಯಾವುದು ಅಂತ ಗುರುತಿಸಿ, ತನ್ನ ಹತ್ತಿರ ಇರುವ ತಪ್ಪಿನ ಮಾದರಿಗಳ ಜೊತೆ ಹೋಲಿಸುತ್ತದೆ. ವಾಕ್ಯದ ಕಟ್ಟು ಸರಿ ಇತ್ತು, ಬಿಟ್ಟಿತು. ಇಬ್ಬರೂ ಕೂತು ‘ಮೈ ಮದರ್ ಹ್ಯಾಸ್ ಡಯಾಬಿಟಿಸ್’ ಅಂತ ಬದಲಿಸಿದೆವು.

ಅಂದಿನಿಂದ ಕ್ಲಾಸಿನ ಕೊನೆಯ 15 ನಿಮಿಷ ಕಂಪ್ಯೂಟರ್ ಬಂದ್. ಹಾಳೆಯನ್ನು ಪಕ್ಕದವರಿಗೆ ಕೊಡಬೇಕು. ಅವರು ಓದಿ, ತಮಗೆ ತಿಳಿದದ್ದನ್ನು ಕನ್ನಡದಲ್ಲಿ ಹೇಳಬೇಕು. ಹೊಂದದಿದ್ದರೆ ಆ ವಾಕ್ಯವನ್ನು ಮತ್ತೆ ಬರೆಯಬೇಕು, ಗೆರೆ ಇರಲಿ ಬಿಡಲಿ. ಹೋದ ವಾರ ಬ್ಯಾಡಗಿಯ ಆ ಹುಡುಗಿ ಮೆಣಸಿನಕಾಯಿ ಬಗ್ಗೆ ಬರೆದಿದ್ದಳು. ಪಕ್ಕದವಳು ಓದಿ, “ಬಣ್ಣ ಜಾಸ್ತಿ, ಖಾರ ಕಡಿಮಿ ಅಂತ ಬರದೀ ಹೌದಿಲ್ಲೋ?” ಅಂದಳು. ಇವಳು ಹೌದು ಅಂತ ತಲೆ ಆಡಿಸಿ ಹಾಳೆ ವಾಪಸ್ ತಗೊಂಡಳು.